ಸೀರೆಗೊಂದು ತಪ್ಪು

ಓಣಿಯ ಕೈಮಗ್ಗಗಳು ಒಂದೊಂದಾಗಿ ನಿಂತು, ಕೊನೆಗೆ ರಾಚಪ್ಪನದೂ ನಿಂತಿತು. ಹೆಂಡತಿ ತೀರಿದ ಮೇಲೆ ಮಾತಿಗೂ ಯಾರೂ ಇರಲಿಲ್ಲ. ಆಗ ಪವರ್‌ಲೂಮ್ ಮಾಲೀಕ ಮನೆಗೆ ಬಂದ.

"ಕಾಕಾ, ನಮ್ಮ ಕಾರ್ಖಾನಿಗೆ ಬರ್ರಿ."

"ಮಷಿನ್ ಕೆಲಸ ನನಗ ತಿಳಿಯಂಗಿಲ್ಲಪ್ಪಾ."

"ಅದನ್ನ ಮುಟ್ಟೂದು ಬ್ಯಾಡ್ರಿ. ಮಷಿನ್ ಸೀರಿ ಭಾಳ ನೆಟ್ಟಗ ಬರ್ತಾವ, ಕೈಮಗ್ಗದ್ದಲ್ಲಂತ ಗಿರಾಕಿ ಗುರ್ತು ಹಿಡೀತಾರ. ನೀವು ಸೀರಿಗೊಂದು ತಪ್ಪು ಹಾಕ್ರಿ, ಸಾಕು."

ಐವತ್ತು ವರ್ಷ ನೇಯ್ದರೂ ರಾಚಪ್ಪನ ಕೈಗೆ ತಪ್ಪು ಮಾಡಿ ಗೊತ್ತಿರಲಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ಸೂಜಿ ಹಿಡಿದು ಕೂತಾಗ, ಅವನು ಓಣಿಯವರ ತಪ್ಪುಗಳನ್ನು ನೆನೆಸಿಕೊಂಡ. ಒಂದು ಸೀರೆಗೆ ಪಕ್ಕದ ಮನೆಯ ಈರಣ್ಣ ತೂಕಡಿಸಿ ಬಿಡುತ್ತಿದ್ದ ಎಳೆ. ಇನ್ನೊಂದಕ್ಕೆ, ಮಗ್ಗದಲ್ಲಿ ಕೂತ ಹೆಂಡತಿ ರಾಚಪ್ಪನೊಡನೆ ಮಾತಾಡಲು ತಿರುಗಿದಾಗಲೆಲ್ಲ ದಡಿಯಲ್ಲಿ ಆಗುತ್ತಿದ್ದ ಸಣ್ಣ ಓರೆ. ಮಷಿನ್‌ಗಳ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಆದರೂ ಆ ಮೂಲೆಯಲ್ಲಿ ಅವನಿಗೆ ಬೇಸರವಾಗಲಿಲ್ಲ.

ಆರು ತಿಂಗಳ ಮೇಲೆ ಮಾಲೀಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ನಾಳೆಯಿಂದ ಮನ್ಯಾಗ ಆರಾಮ ಇರ್ರಿ, ಕಾಕಾ. ನೀವು ಹಾಕಿದ ತಪ್ಪೆಲ್ಲ ಫೋಟೊ ಹೊಡದು ಕಂಪ್ಯೂಟರಿಗೆ ಕಲಿಸೇವಿ."

"ಎಲ್ಲಾನೂ?"

"ಎಲ್ಲಾನೂ. ನೋಡ್ರಿಲ್ಲೆ."

ಮಾಲೀಕ ಗುಂಡಿ ಒತ್ತಿದ. ಹನ್ನೆರಡೂ ಮಷಿನ್‌ಗಳಲ್ಲಿ ರಾಚಪ್ಪನ ಹೆಂಡತಿ ಒಂದೇ ಸಲ ಮಾತಾಡಲು ತಿರುಗಿದಳು.