ಒಂದಡಿ ಹೆಚ್ಚಿನ ಕಂಬ

ಸೇತುವೆಯ ಕಟಕಟೆಗೆ ಎದೆಯೊತ್ತಿ ನಿಂತು ಆರ್ಲಿಸ್ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಕೆರೆಗೆ ಇಳಿಬಿಟ್ಟಳು. ತನ್ನ ದೋಣಿಯ ಹಾಯಿ ಹೊರುವ ಕೂವೆಕಂಬದ ಎತ್ತರಕ್ಕೆ ಸರಿಯಾಗಿ ಆ ಹಗ್ಗವನ್ನು ಕತ್ತರಿಸಿ ತಂದಿದ್ದಳು. ಗುಂಡು ನೀರು ಮುಟ್ಟಿದಾಗ ಸೇತುವೆಯ ತಳದ ಮಟ್ಟಕ್ಕಿಂತ ಒಂದಡಿ ಹಗ್ಗ ಮೇಲೆ ಉಳಿದಿತ್ತು. ಮತ್ತೊಮ್ಮೆ ಇಳಿಬಿಟ್ಟು ನೋಡಿದಳು. ಕೆರೆ ತನ್ನ ಮಾತು ಬದಲಿಸಲಿಲ್ಲ.

ಹಿಂದೆ ನಿಂತಿದ್ದ ಮನೆ ದಲ್ಲಾಳಿ ಡ್ವೇನನ ಮುಖ ಸಣ್ಣದಾಯಿತು. ಮೂರು ವಾರಗಳಲ್ಲಿ ಅವನು ಈ ಮುದುಕಿಗೆ ಹನ್ನೊಂದು ಮನೆ ತೋರಿಸಿದ್ದ. ಸೇತುವೆಯ ಒಳಬದಿಗಿದ್ದ, ದೊಡ್ಡ ಕೆರೆಗೆ ಹೋಗಲು ಅದರ ಕೆಳಗೇ ನುಸುಳಬೇಕಾದ ಈ ಪುಟ್ಟ ಕೊಲ್ಲಿಯ ಮನೆಯನ್ನು ನೋಡಿ ಮಾತ್ರ ಅವಳು "ಪರವಾಗಿಲ್ಲ" ಎಂದಿದ್ದಳು. ಮಾತು ಕಡಿಮೆಯ ಮಿನೆಸೋಟ ಸೀಮೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬಾಗಿಲಲ್ಲೇ ದೋಣಿಕಟ್ಟೆ, ಅಕ್ಕಪಕ್ಕದಲ್ಲೆಲ್ಲ ನೀರಿನ ಹುಚ್ಚಿನವರು, ವಿಮಾನ ನಿಲ್ದಾಣಕ್ಕೆ ಹದಿನೆಂಟೇ ನಿಮಿಷ. ಆದರೆ ಡ್ವೇನನ ಗಿರಾಕಿಗಳೆಲ್ಲ ಯಂತ್ರದ ದೋಣಿಯವರು. ಸೇತುವೆ ಎಷ್ಟು ಎತ್ತರ ಎಂದು ಇವನನ್ನು ಯಾರೂ ಕೇಳಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮಗಳು ಬ್ರಿಟಾ ವಿಮಾನ ಹಾರಿಸುವವಳು. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ಅವಳಿಗೆ ಸಿಗುವುದು ನಾಲ್ಕು ಗಂಟೆ. ಸೇತುವೆಯ ಕಾಟವಿಲ್ಲದ ಆಚೆ ದಂಡೆಯಲ್ಲಿ ಮನೆ ಮಾಡಿದರೆ ಹೋಗಿಬರುವುದಕ್ಕೇ ಮೂರು ಗಂಟೆ ಬೇಕು. ಅವಳು ತಾಯಿಯ ಕೈಯಿಂದ ಹಗ್ಗ ತೆಗೆದುಕೊಂಡು ಮೆಲ್ಲಗೆ ಸುತ್ತತೊಡಗಿದಳು.

"ದೋಣಿ ಮಾರಿಬಿಡಮ್ಮ," ಎಂದಳು.

ಆ ದೋಣಿಯನ್ನು ಆರ್ಲಿಸಳ ಗಂಡ ಹಾರ್ಲನ್ ಮೂರು ಚಳಿಗಾಲ ಕೂತು ಕಾರಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ. ಹೋದ ನವೆಂಬರಿನಲ್ಲಿ, ಕೆರೆ ಹೆಪ್ಪುಗಟ್ಟಿದ ವಾರವೇ, ಅವನು ದೇವರ ಪಾದ ಸೇರಿದ. ಅಂದಿನಿಂದ ಬ್ರಿಟಾ ಆ ದೋಣಿಗೆ ಕಾಲಿಟ್ಟಿರಲಿಲ್ಲ. ಆರ್ಲಿಸ್ ಮಾತ್ರ ದಿನವೂ ಬೆಳಗ್ಗೆ ಮೊಣಕಾಲೂರಿ ಒಂದೇ ಉಸಿರಿನಲ್ಲಿ ಎರಡು ವರ ಬೇಡುತ್ತಿದ್ದಳು: ಮಗಳ ಹತ್ತಿರ ಇರಿಸು, ನೀರನ್ನು ಕಿತ್ತುಕೊಳ್ಳಬೇಡ. ಎರಡು ಬೇಡುವುದು ದುರಾಸೆಯೇನೋ ಎಂದು ಅವಳಿಗೇ ಅಳುಕಿತ್ತು. ಈಗ ಸೀಸದ ಗುಂಡು ಒಂದನ್ನು ಬಿಡು ಎನ್ನುತ್ತಿತ್ತು.

ಅವಳು ನೀರಿನ ಕಡೆಯಿಂದ ತಿರುಗಿ ಡ್ವೇನನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ನಿನ್ನ ತೂಕ ಎಷ್ಟಪ್ಪಾ?"

"ಚಳಿಗಾಲದ್ದು ಹೇಳ್ಲಾ ಅಮ್ಮಾವ್ರೇ, ಬೇಸಿಗೇದು ಹೇಳ್ಲಾ?"

"ಯಾವುದು ಜಾಸ್ತಿಯೋ ಅದು."

ಅವನು ಹೇಳಿದ. ಆರ್ಲಿಸ್ ತೃಪ್ತಿಯಿಂದ ತಲೆಯಾಡಿಸಿ ಮಗಳ ಕಡೆ ನೋಡಿದಳು. ಬ್ರಿಟಾಗೆ ಏಳು ವರ್ಷವಿದ್ದಾಗ ನದಿಯಲ್ಲಿ ಒಂದು ರೈಲುಸೇತುವೆ ಹೀಗೆಯೇ ಅಡ್ಡ ನಿಂತಿತ್ತು. ಹಾರ್ಲನ್ ಹಾಯಿಯ ಅಡ್ಡಮರವನ್ನು ಪಕ್ಕಕ್ಕೆ ಚಾಚಿ ಕಟ್ಟಿ, ತನ್ನ ಭಾರೀ ಮೈಯನ್ನು ಅದರ ತುದಿಗೆ ಒಯ್ದು ಕೂತು, ದೋಣಿಯನ್ನೇ ವಾಲಿಸಿದ್ದ. ಕಂಬ ಬಾಗಿದಷ್ಟು ಎತ್ತರ ತಗ್ಗಿತ್ತು. ಬ್ರಿಟಾಗೂ ಅದೇ ನೆನಪಾಯಿತೆಂದು ಅವಳ ಕಣ್ಣು ಹೇಳಿತು.

ಅರ್ಧ ಗಂಟೆಯಲ್ಲಿ ಮೂವರೂ ಸೇತುವೆಯಾಚೆ, ದೊಡ್ಡ ಕೆರೆಯಲ್ಲಿ ದೋಣಿ ನಿಂತಿದ್ದ ಕಟ್ಟೆಯಲ್ಲಿದ್ದರು. ಡ್ವೇನ್ ಬೂಟು ಕಳಚಿ, ಕುತ್ತಿಗೆಪಟ್ಟಿಯನ್ನು ಅಂಗಿಯೊಳಗೆ ತುರುಕಿ, ಕುದುರೆಯೇರಿದವನಂತೆ ಅಡ್ಡಮರದ ಮೇಲೆ ಕೂತ. ತೂಕ ಇನ್ನೂ ಸಾಲದಾಗಿತ್ತು. ಬ್ರಿಟಾ ಕಟ್ಟೆಯ ಅಂಚಿನಲ್ಲೇ ನಿಂತಿದ್ದಳು. ಆರ್ಲಿಸ್ ಅವಳತ್ತ ಕೈ ಚಾಚಿದಳು.

"ಮುನ್ನೂರು ಜನರನ್ನ ಹೊತ್ಕೊಂಡು ಹಾರೋಳು ನಾನು. ಈ ಮರದ ತೊಟ್ಟಿಗೆ ಹೆದರ್ತಿದೀನಿ ನೋಡು," ಎನ್ನುತ್ತ ಬ್ರಿಟಾ ತಾಯಿಯ ಕೈ ಹಿಡಿದು ಇಳಿದಳು.

ದೋಣಿ ಸೇತುವೆಗೆ ಮುಖಮಾಡಿ ವೇಗ ಪಡೆದೊಡನೆ ಆರ್ಲಿಸ್ ಪುಟ್ಟ ಯಂತ್ರವನ್ನು ನಿಲ್ಲಿಸಿದಳು. ಡ್ವೇನ್ ಅಡ್ಡಮರದ ತುದಿಗೆ ಜರುಗಿದ. ಬ್ರಿಟಾ ಅದೇ ಮಗ್ಗುಲಲ್ಲಿ ಹಗ್ಗ ಹಿಡಿದು ನೀರಿನ ಮೇಲಕ್ಕೆ ಮೈ ಚಾಚಿದಳು. ದೋಣಿ ನಿಧಾನವಾಗಿ ವಾಲಿತು. ಸೇತುವೆಯ ಮೇಲೆ ಮೀನು ಹಿಡಿಯುತ್ತಿದ್ದವನು ಗಾಳ ಎಳೆದುಕೊಂಡು ಎದ್ದು ನಿಂತ. ಆರ್ಲಿಸ್ ಮೇಲೆ ನೋಡಲಿಲ್ಲ. ಚುಕ್ಕಾಣಿಯನ್ನು ನೇರ ಹಿಡಿದಳು. ನೆರಳು ಅವರನ್ನು ನುಂಗಿತು. ಆ ತಂಪಿನಲ್ಲಿ ಮಗಳು ಗುನುಗುವುದು ಕೇಳಿಸಿತು. ರೈಲುಸೇತುವೆಯ ಕೆಳಗೆ ಹಾರ್ಲನ್ ಹಾಡಿದ್ದ ಸ್ತೋತ್ರ ಅದು. ಆರ್ಲಿಸ್ ಎರಡನೆಯ ಸಾಲಿನಲ್ಲಿ ದನಿಗೂಡಿಸಿದಳು.

ಮುಖದ ಮೇಲೆ ಬಿಸಿಲು ಬಿತ್ತು. ಹಿಂತಿರುಗಿ ನೋಡಿದರೆ, ಸೇತುವೆಯ ತಳಕ್ಕೆ ಅಂಟಿದ್ದ ಕವಲುತೋಕೆ ಹಕ್ಕಿಗಳ ಮಣ್ಣಿನ ಗೂಡುಗಳಿಂದ ಒಂದು ಹರಳೂ ಉದುರಿರಲಿಲ್ಲ. ಮೇಲಿದ್ದ ಮೀನುಗಾರ ಟೋಪಿ ತೆಗೆದು ಎತ್ತಿ ಹಿಡಿದ. ದೋಣಿ ನೆಟ್ಟಗಾಗುತ್ತ ಮತ್ತೊಮ್ಮೆ ತೂಗಿದಾಗ ಡ್ವೇನ್ ಸೊಂಟದವರೆಗೆ ನೀರಲ್ಲಿ ಮುಳುಗಿ ಎದ್ದ. ಬ್ರಿಟಾ ನಕ್ಕಳು. ಅಪ್ಪನ ಮಣ್ಣಿನ ದಿನದಿಂದ ಈಚೆಗೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನಗುತ್ತ ನಗುತ್ತ ತೋಳಿನಿಂದ ಕಣ್ಣೊರೆಸಿಕೊಂಡಳು.

ಒಳಗಿನ ಕೊಲ್ಲಿಯ ಕಟ್ಟೆಗೆ ದೋಣಿ ತಾಗಿತು. ಡ್ವೇನ್ ಷರಾಯಿ ಹಿಂಡುತ್ತ ತಡವರಿಸಿದ. ವ್ಯಾಪಾರ ಕೆಟ್ಟರೂ ಸುಳ್ಳಾಡುವವನಲ್ಲ ಅವನು.

"ಒಂದು ಮಾತು ಹೇಳ್ಲೇಬೇಕು ಅಮ್ಮಾವ್ರೇ. ನೀವು ಒಬ್ಬರೇ ಇದ್ರೆ ಈ ಸೇತುವೆ ದಾಟೋಕಾಗಲ್ಲ. ಪ್ರತಿ ಸಲಾನೂ ಜೊತೆಗೆ ಇನ್ನಿಬ್ಬರು ಬೇಕೇ ಬೇಕು."

ಆರ್ಲಿಸ್ ಮಗಳ ಒದ್ದೆ ಕೈಯನ್ನು ಹಿಡಿದುಕೊಂಡಳು.

"ಅದಕ್ಕೇ ಕಣಪ್ಪಾ, ಈ ಮನೆ ತಗೊಳ್ತಿರೋದು," ಎಂದಳು.