ವಾಯ್ಲಿಯ ಉಣುಗು

ಕೊನೆಯ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಏನೋ ಧಡಧಡ ಎನ್ನುತ್ತಿತ್ತು. ಬೆಳಗಿನ ಮಂಜಿನಲ್ಲಿ ಜಾರಾ ಮರಗಳ ನಡುವೆ ಟ್ಯಾಮ್ಸಿನ್ ಓಡಿದ ರಭಸಕ್ಕೆ ಅವಳ ಟೋಪಿ ಹಾರಿಬಿತ್ತು. ಅದನ್ನು ಹೆಕ್ಕಿಕೊಂಡು ರೆಗ್ ಗೊಣಗುತ್ತ ಹಿಂಬಾಲಿಸಿದ. ಕಾಡುಪ್ರಾಣಿಗಳ ಡಾಕ್ಟರಾಗಿಯೇ ತಲೆ ನರೆತವನು ಅವನು. ಒಂದು ಉಣುಗಿಗಾಗಿ ಹೀಗೆ ಎದ್ದುಬಿದ್ದು ಓಡುವವರನ್ನು ಕಂಡಿದ್ದು ಇದೇ ಮೊದಲು.

"ವಾಯ್ಲಿ!" ಅವಳು ಕೂಗಿದಳು. "ರೆಗ್, ವಾಯ್ಲಿನೇ! ಇದರ ಮೈಮೇಲೆ ಇದ್ದೇ ಇರುತ್ತೆ, ನೋಡ್ತಿರು!"

"ನಿನ್ನೆಯೂ ಇದನ್ನೇ ಹೇಳಿದ್ದೆ, ಮಾರಾಯ್ತಿ."

ಮೊಲದಷ್ಟು ದೊಡ್ಡದಾದ, ಕಾಂಗರೂವಿನಂತೆ ಕುಪ್ಪಳಿಸುವ ಆ ಪ್ರಾಣಿಯನ್ನು ರೆಗ್ ಬಟ್ಟೆ ಚೀಲಕ್ಕೆ ಇಳಿಸಿಕೊಂಡು, ಎಂದಿನಂತೆ ಜಾಕೆಟ್ಟಿನೊಳಗೆ ಹೊಟ್ಟೆಗವಚಿಕೊಂಡು ಕುಳಿತ. ಕತ್ತಲೆಯಲ್ಲಿ ಬೆಚ್ಚಗಿದ್ದರೆ ಅದು ಒದೆಯುವುದನ್ನು ನಿಲ್ಲಿಸುತ್ತದೆ. ಕಾಯಿಲೆಗೆ ಸಿಕ್ಕು ಹೆಚ್ಚಿನ ವಾಯ್ಲಿಗಳು ಸತ್ತಿದ್ದವು; ಉಳಿದ ಒಂದಿಷ್ಟನ್ನು ನರಿ ನುಗ್ಗದ ಬೇಲಿಯೊಳಕ್ಕೆ ಸಾಗಿಸುತ್ತಿದ್ದರು. ಈ ಕಾಡಿನಿಂದ ಹೋಗುವವುಗಳಲ್ಲಿ ಇದೇ ಕೊನೆಯದು. ಬೇಲಿ ದಾಟುವ ಮೊದಲು ಪ್ರತಿಯೊಂದರ ಕುತ್ತಿಗೆಗೂ ಔಷಧದ ಹನಿ ಬೀಳಲೇಬೇಕು. ಹನಿ ಬಿದ್ದರೆ ಮೈಮೇಲಿನ ಉಣುಗು ಸಾಯುತ್ತದೆ. ಉಣುಗುಗಳನ್ನೇ ಅಭ್ಯಾಸ ಮಾಡುವ ಟ್ಯಾಮ್ಸಿನ್‌ಳ ಸಂಕಟವೇ ಅದು. ವಾಯ್ಲಿಯ ಮೈಮೇಲಷ್ಟೇ ಕಂಡುಬಂದ ಒಂದು ಜಾತಿಯ ಉಣುಗಿದೆ. ಮ್ಯೂಸಿಯಮ್ಮಿನ ಸ್ಪಿರಿಟ್ ಬಾಟಲಿಯಲ್ಲಿ ಸತ್ತು ಮುಳುಗಿರುವುದನ್ನು ಬಿಟ್ಟರೆ, ಅದನ್ನು ಜೀವಂತ ಕಂಡವರು ಈಗ ಯಾರೂ ಇಲ್ಲ.

ಅವಳು ಮಂಡಿಯೂರಿ ಕಿವಿಯ ಹಿಂದೆ, ಬಾಲದ ಬುಡದಲ್ಲಿ, ಕಾಲಿನ ಸಂದಿಯಲ್ಲಿ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ರೆಗ್ ಅದನ್ನು ಎತ್ತಿ ಹಿಡಿದಾಗ ಚೀಲವನ್ನೂ ಒಳಹೊರಗು ಮಾಡಿ ಕೊಡವಿದಳು.

"ಸಿಕ್ತಾ? ಔಷಧ ಹಾಕ್ಲಾ?"

"ಇಲ್ಲ. ಆದ್ರೆ ಕಣ್ತಪ್ಪಿ ಎಲ್ಲೋ ಉಳಿದಿರಬಹುದು. ರೆಗ್, ಇದೊಂದನ್ನ ಹಾಗೇ ಬಿಡು. ಒಂದೇ ಒಂದು. ಎಷ್ಟೋ ಸಾವಿರ ವರ್ಷದಿಂದ ಇದರ ಜೊತೇಲೇ ಬದುಕಿರೋ ಜೀವ ಅದು. ಒಂದು ಹನೀಲಿ ಅದರ ವಂಶಾನೇ ಮುಗಿಸಿಬಿಡ್ತೀಯಾ?"

"ರಕ್ತ ಹೀರೋದಕ್ಕೆ ವಂಶ ಬೇರೆ! ಅದಕ್ಕೂ ಒಂದು ಬೇಲಿ ಹಾಕ್ಸು, ಟಿಕೆಟ್ ಇಡು. ಜನ ಮಕ್ಳುಮರಿ ಕಟ್ಕೊಂಡು ಸಾಲು ನಿಲ್ತಾರೆ."

"ವಾಯ್ಲಿ ಮುದ್ದಾಗಿದೆ, ಅದಕ್ಕೇ ನಿಂಗೆ ಪ್ರೀತಿ. ಇದು ಮುದ್ದಾಗಿಲ್ಲ. ಅಷ್ಟೇ ತಾನೆ?"

ರೆಗ್‌ಗೆ ರೇಗಿತು. "ಈ ಕೈಯಲ್ಲೇ ಎಷ್ಟು ವಾಯ್ಲಿ ಸತ್ತಿವೆ ಗೊತ್ತಾ ನಿಂಗೆ? ರಕ್ತದಲ್ಲಿ ಹುಳ ತುಂಬ್ಕೊಂಡು, ಎದ್ದು ನಿಲ್ಲೋಕಾಗದೆ ಸತ್ತಿವೆ. ಆ ಹುಳ ಹರಡಿದ್ದು ನಿನ್ನ ಉಣುಗೇ ಇರಬಹುದು."

"ಇರಬಹುದು, ಇಲ್ಲದೇನೂ ಇರಬಹುದು. ಅದನ್ನ ತಿಳ್ಕೊಳ್ಳೋಕೇ ನಂಗೊಂದು ಜೀವಂತ ಬೇಕಿರೋದು!"

ರೆಗ್ ಔಷಧದ ಬಾಟಲಿ ತೆಗೆದ. ವಾಯ್ಲಿಯ ಕುತ್ತಿಗೆಗೆ ಹನಿ ಹಾಕಿ, ಅದನ್ನು ಸಾಗಣೆಯ ಡಬ್ಬಕ್ಕೆ ಬಿಟ್ಟ. ಟ್ಯಾಮ್ಸಿನ್ ಮುಖ ತಿರುಗಿಸಿಕೊಂಡು ಬೋನುಗಳನ್ನು ಮಡಚತೊಡಗಿದಳು.

ಗಾಡಿಯ ಬಳಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುವಾಗ ರೆಗ್‌ನ ಹೊಟ್ಟೆ ತುರಿಸಿತು. ಎರಡು ದಿನದಿಂದ ಆಗಾಗ ತುರಿಸುತ್ತಲೇ ಇತ್ತು. ಅಂಗಿ ಎತ್ತಿ ನೋಡಿದ. ಹೊಕ್ಕುಳ ಪಕ್ಕದ ಬೊಜ್ಜಿನ ಮಡಿಕೆಯಲ್ಲಿ, ಬೂದು ಬಣ್ಣದ ಉಣುಗೊಂದು ಹೆಸರುಕಾಳಿನಷ್ಟು ಊದಿಕೊಂಡು ಕಚ್ಚಿ ಕುಳಿತಿತ್ತು. ಚಿಮುಟ ಅವನ ಜೇಬಿನಲ್ಲೇ ಇತ್ತು. ಟ್ಯಾಮ್ಸಿನ್ ಬೆನ್ನು ಹಾಕಿ ನಿಂತಿದ್ದಳು. ಕಿತ್ತು ಉಗುರಿನಲ್ಲಿ ಒತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಈ ವಯಸ್ಸಿನಲ್ಲಿ ಅವನ ಎದೆ ನಾಚಿಕೆಯಿಲ್ಲದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಟ್ಯಾಮ್! ಲೆನ್ಸ್ ತಗೊಂಡು ಬಾ! ಓಡು, ಓಡು!"

ಅವಳು ಲೆನ್ಸ್ ಹಿಡಿದು ಅವನ ಹೊಟ್ಟೆಗೆ ಮೂಗು ತಾಗುವಷ್ಟು ಬಗ್ಗಿದಳು. ಆಮೇಲೆ ಕಾಡೆಲ್ಲ ಕೇಳುವಂತೆ ಕಿರುಚಿದಳು.

"ಅದೇ! ರೆಗ್, ಅದೇ! ಕಾಲಿನ ಬುಡದಲ್ಲಿ ಮುಳ್ಳು ನೋಡು! ನಿಂಗೆ ಕಾಣಲ್ಲ ಬಿಡು! ಹೆಣ್ಣು ಮಾರಾಯ, ಹೆಣ್ಣು! ದಿನಾ ಆ ಚೀಲಾನ ಹೊಟ್ಟೆಗವಚ್ಕೊಂಡು ಕೂರ್ತಿದ್ದೆಯಲ್ಲ, ನಿಂಗೇ ಹತ್ಕೊಂಡಿದೆ. ನಾನು ಕಾಡೆಲ್ಲ ಹುಡುಕ್ತಿದೀನಿ!"

ಅವನನ್ನು ತಬ್ಬಿಕೊಳ್ಳಲು ಹೋದವಳು ಉಣುಗು ನೆನಪಾಗಿ ಥಟ್ಟನೆ ಹಿಂದೆ ಸರಿದಳು. ಇಬ್ಬರೂ ಹುಚ್ಚರಂತೆ ನಕ್ಕರು.

"ಸರಿ, ಕಿತ್ಕೋ," ಎಂದ ರೆಗ್, ಚಿಮುಟ ಕೊಟ್ಟು.

ಅವಳ ಕೈ ಅರ್ಧಕ್ಕೇ ನಿಂತಿತು. "ಈಗ ಕಿತ್ರೆ ಸ್ಪಿರಿಟ್ ಬಾಟಲಿಗೇ ಇನ್ನೊಂದು ಸೇರುತ್ತೆ, ಅಷ್ಟೇ. ಹೊಟ್ಟೆ ತುಂಬಿ ತಾನಾಗಿ ಉದುರಿದ್ರೆ ಮೊಟ್ಟೆ ಇಡುತ್ತೆ. ಸಾವಿರಗಟ್ಟಲೆ. ಆ ಮರಿಗಳನ್ನ ನಾನು ಲ್ಯಾಬಲ್ಲಿ ಸಾಕ್ಕೊಳ್ತೀನಿ."

"ಉದುರೋಕೆ ಎಷ್ಟು ದಿನ?"

"ಮೂರೋ, ನಾಲ್ಕೋ."

"ನಂಗೇನಾದ್ರೂ ಆಗುತ್ತಾ?"

"ಗೊತ್ತಿಲ್ಲ. ಮನುಷ್ಯರಿಗೆ ಕಚ್ಚಿದ್ದು ಇದುವರೆಗೆ ಯಾರೂ ನೋಡಿಲ್ಲ. ನೀನೇ ಮೊದಲು." ಅವಳು ಚಿಮುಟವನ್ನು ಅವನಿಗೇ ಹಿಂದಕ್ಕೆ ಚಾಚಿದಳು. "ಉಳಿಸು ಅಂತ ನಾನು ಕೇಳಲ್ಲ ರೆಗ್. ಮೈ ನಿಂದು."

ರೆಗ್ ಚಿಮುಟವನ್ನೇ ನೋಡಿದ. ಡಬ್ಬದೊಳಗೆ ವಾಯ್ಲಿ ಮೆಲ್ಲನೆ ಕೆರೆಯುತ್ತಿತ್ತು. ಅವನು ಚಿಮುಟ ಇಸಿದುಕೊಂಡು ಜೇಬಿಗೆ ಹಾಕಿದ. ಅಂಗಿಯನ್ನು ನಿಧಾನವಾಗಿ ಕೆಳಗಿಳಿಸಿದ. ಗಾಡಿಯ ಕೀಲಿಯನ್ನು ಅವಳ ಕೈಗಿಟ್ಟು, ಪಕ್ಕದ ಸೀಟಿನಲ್ಲಿ ಕುಳಿತು ಸೀಟ್ ಬೆಲ್ಟ್ ಎಳೆದುಕೊಂಡ. ಅದು ಹೊಟ್ಟೆಗೆ ತಾಗದಂತೆ ಅಂಗೈಯಲ್ಲಿ ಎತ್ತಿ ಹಿಡಿದುಕೊಂಡ.

"ಗುಂಡಿ ಬಂದ್ರೆ ನಿಧಾನ ಮಾಡು," ಎಂದ. "ಊಟ ನಡೀತಿದೆ."