ಐನೂರು ಕುದುರೆಗಳ ಚೀಟಿ

ಭಾನುವಾರ ಮಧ್ಯಾಹ್ನ ತಾಯಿಯ ಮನೆಯ ಊಟಕ್ಕೆ ತಡವಾಗಿ ಬಂದ ವಾಯೋಸ್, ಟೊಮೆಟೊ ಸಲಾಡಿನ ತಟ್ಟೆಯ ಪಕ್ಕದಲ್ಲಿ ಸೊಟ್ಟಗಾದ ಒಂದು ಉಕ್ಕಿನ ತುಂಡನ್ನು ಇಟ್ಟ. ಅದು ಅವನ ಹೊಸ ಕಾರಿನ ಕನೆಕ್ಟಿಂಗ್ ರಾಡು, ಪಿಸ್ಟನ್ನಿಗೆ ಆಧಾರವಾದ ಸರಳು. ಶನಿವಾರ ಸಂಜೆಯವರೆಗೆ ಎಂಜಿನ್ನಿನ ಒಳಗೇ ಇತ್ತು, ಆಮೇಲೆ ಎಂಜಿನ್ನಿನ ಪಕ್ಕೆ ಸೀಳಿಕೊಂಡು ಹೊರಗೆ ಹಾರಿ ಗ್ಯಾರೇಜಿನ ಗೋಡೆಗೆ ಬಡಿದಿತ್ತು. ಮಜಾ ನೋಡಲು ಇಪ್ಪತ್ತು ಜನ ಬೇರೆ ಸೇರಿದ್ದರು. ಮುದುಕಿ ತಾಯಿ ಅಗೋರೋ ಅದರ ಎಣ್ಣೆ ವಾಸನೆಗೆ ಮೂಗು ಮುರಿದು, ಕುರಿಮಾಂಸದ ಟ್ರೇಯನ್ನು ಆಚೆ ಸರಿಸಿದಳು.

ಎದುರಿಗೆ ಕೂತಿದ್ದ ಝಿಸಿಸ್ ಆ ತುಂಡನ್ನು ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅವನು ಈ ಮನೆಯ ಅಳಿಯ, ವಾಯೋಸ್‌ನ ಅಕ್ಕನ ಗಂಡ. ಲಾರಿಸಾ ಊರಿನಲ್ಲಿ ಕಾರಿನ ಎಂಜಿನ್ನಿಗೆ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬರಿಸಿಕೊಡುವ ಕಸುಬಿನವರೆಂದರೆ ಇವರಿಬ್ಬರೇ. ಹಾಗಾಗಿ ಹಬ್ಬಕ್ಕೆ ಒಂದೇ ಮೇಜು, ಉಳಿದ ದಿನ ಹಾವು ಮುಂಗುಸಿ.

ಈ ಹೊಸ ಸ್ಪೋರ್ಟ್ಸ್ ಕಾರು ವಸಂತದಲ್ಲಿ ಮಾರುಕಟ್ಟೆಗೆ ಬಂದಿತ್ತು. ಕಂಪನಿಯವರು ಕೊಟ್ಟದ್ದು ಮುನ್ನೂರ ಮೂವತ್ತು ಅಶ್ವಶಕ್ತಿ. ಗಾಳಿ ತುರುಕುವ ಟರ್ಬೊ ಹಿಗ್ಗಿಸಿ, ಕಂಪ್ಯೂಟರಿನ ಲೆಕ್ಕ ತಿದ್ದಿದರೆ ಎಂಜಿನ್ನು ಇನ್ನೆಷ್ಟು ತಡೆದೀತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾಗುವ ದಾರಿಯೂ ಒಂದೇ, ಯಾರದಾದರೂ ಎಂಜಿನ್ನು ಒಡೆಯಬೇಕು. ಇನ್ನೊಬ್ಬರದು ಒಡೆಯಲೆಂದು ದೇಶದ ಮೆಕ್ಯಾನಿಕ್ಕುಗಳೆಲ್ಲ ಭಕ್ತಿಯಿಂದ ಕಾಯುತ್ತಿದ್ದರು. ಅಷ್ಟರಲ್ಲಿ ಮೇ ತಿಂಗಳಲ್ಲಿ ವಾಯೋಸ್ ತನ್ನ ಕಾರಿನ ಶಕ್ತಿ ಅಳೆದ ಚೀಟಿಯೊಂದನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ. ನಾನೂರ ಅರವತ್ತು ಎಂದು ಅದರಲ್ಲಿ ಅಚ್ಚಾಗಿತ್ತು. ಝಿಸಿಸ್‌ಗೆ ಎರಡು ವಾರ ಅನ್ನ ಸೇರಲಿಲ್ಲ.

ಮೂರನೆಯ ವಾರ ಒಬ್ಬ ಹಲ್ಲಿನ ಡಾಕ್ಟರು ಅದೇ ಮಾದರಿಯ ಕಾರನ್ನು ಝಿಸಿಸ್‌ನ ಹತ್ತಿರ ತಂದ. ಝಿಸಿಸ್ ಹುಷಾರಿಯವನು, ಮುನ್ನೂರ ಎಂಬತ್ತೈದಕ್ಕೇ ನಿಲ್ಲಿಸಿದ. ಆದರೆ ಶಕ್ತಿ ಅಳೆಯುವ ಅವನ ಹಳೆಯ ರೋಲರ್ ಯಂತ್ರಕ್ಕೆ ಗಾಳಿಯ ಒತ್ತಡ ಎಷ್ಟೆಂದು ನಾವೇ ಬರೆದು ಹೇಳಬೇಕು, ಸಪಾಟು ನೆಲದಲ್ಲಾದರೆ ಸಾವಿರ ಮಿಲಿಬಾರಿನ ಆಸುಪಾಸು. ಕಡಿಮೆ ಬರೆದರೆ, ಎತ್ತರದ ಜಾಗದಲ್ಲಿ ಗಾಳಿ ತೆಳು, ಎಂಜಿನ್ನು ಸೊರಗುತ್ತದೆ, ಪಾಪ ಎಂದು ಯಂತ್ರ ತಾನೇ ಒಂದಷ್ಟು ಸೇರಿಸಿ ತೋರಿಸುತ್ತದೆ. ಅಂಗೈಯಷ್ಟು ಸಪಾಟಾದ ಲಾರಿಸಾದಲ್ಲಿ ಕೂತು ಝಿಸಿಸ್, ತನ್ನ ಗ್ಯಾರೇಜು ಒಲಿಂಪಸ್ ಬೆಟ್ಟದ ಮುಕ್ಕಾಲು ಎತ್ತರದಲ್ಲಿದೆ ಎಂದು ಯಂತ್ರಕ್ಕೆ ನಂಬಿಸಿದ. ಚೀಟಿಯಲ್ಲಿ ಸರಿಯಾಗಿ ಐನೂರು ಬಂತು. ಡಾಕ್ಟರು ಅದನ್ನು ಕಾಫಿ ಅಂಗಡಿಗಳಲ್ಲೆಲ್ಲ ಮೆರೆಸಿದ.

"ಐನೂರಕ್ಕೇ ಹೋಯ್ತು ಭಾವ," ಎಂದ ವಾಯೋಸ್. "ನಿನ್ನ ಕೈಲಿ ನಿಂತ ಐನೂರು ನನ್ನ ಕೈಲಿ ಯಾಕೆ ನಿಲ್ಲಲಿಲ್ಲ? ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡಿದೆ. ತಪ್ಪು ಎಂಜಿನ್ನಿನದ್ದಲ್ಲ, ನಂದೇ."

ಆಮೇಲೆ ಅವನು ಉಳಿದದ್ದನ್ನು ಹೇಳಿದ. ಗ್ಯಾರೇಜು ಮುಚ್ಚುತ್ತಾನಂತೆ. ಸೋದರಮಾವನ ಹತ್ತಿ ಕೊಯ್ಯುವ ಯಂತ್ರ ಓಡಿಸಲು ಜನ ಬೇಕಂತೆ, ಗಂಟೆಗೆ ಐದು ಕಿಲೋಮೀಟರು ವೇಗ, ಯಾವುದೂ ಒಡೆಯುವುದಿಲ್ಲ. ತಾಯಿ ಒಳ್ಳೆಯದಾಯಿತು ಬಿಡು ಎಂದು ಶಿಲುಬೆಯ ಗುರುತು ಮಾಡಿಕೊಂಡಳು. ವಾಯೋಸ್ ನಗಲು ನೋಡಿದ, ಆಗಲಿಲ್ಲ.

ಝಿಸಿಸ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನಾಳೆಯಿಂದ ಊರಿಗೆಲ್ಲ ಅವನೊಬ್ಬನೇ. ಆ ಯೋಚನೆ ಬಂದು ಖುಷಿಯೂ ಆಯಿತು, ಮರುಕ್ಷಣವೇ ತನ್ನ ಮೇಲೆ ಹೇಸಿಗೆಯೂ ಆಯಿತು. ಈ ವಾಯೋಸ್ ಬೀದಿಯ ಆ ತುದಿಯಲ್ಲಿ ಹೋಗುವ ಕಾರಿನ ಸದ್ದು ಕೇಳಿ, ಯಾವ ಸಿಲಿಂಡರು ಕೈಕೊಟ್ಟಿದೆ ಎಂದು ಹೇಳುವವನು. ಝಿಸಿಸ್‌ಗೆ ಅದು ಏಳು ಜನ್ಮಕ್ಕೂ ಬಾರದ ವಿದ್ಯೆ. ಅಂಥವನು ಹೋಗಿ ಹತ್ತಿ ಕೊಯ್ಯುವುದೆಂದರೆ!

"ನಂದು ಐನೂರಲ್ಲ ಕಣೋ," ಎಂದ ಝಿಸಿಸ್, ತಟ್ಟೆ ನೋಡುತ್ತಾ. "ಮುನ್ನೂರ ಎಂಬತ್ತೈದು. ಗಾಳಿ ಸುಳ್ಳು ಬರ್ದಿದ್ದೆ."

ಮುದುಕಿ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದಳು. ಝಿಸಿಸ್ ಬೈಗುಳಕ್ಕೆ, ಬೇಕಾದರೆ ಒಂದು ಹೊಡೆತಕ್ಕೂ ಸಿದ್ಧನಾಗಿ ಕೂತ. ವಾಯೋಸ್ ಮಾತಾಡಿದ್ದು ಮಾತ್ರ ಪಕ್ಕಾ ಕಸುಬಿನವನ ದನಿಯಲ್ಲಿ.

"ಒತ್ತಡ ಎಷ್ಟು ಬರೆದೆ?"

"ಏಳ್ನೂರ ಎಂಬತ್ತು."

"ನಾನು ಮೇ ತಿಂಗಳಲ್ಲಿ ಎಂಟ್ನೂರ ಮೂವತ್ತು ಬರ್ದಿದ್ದೆ," ಎಂದ ವಾಯೋಸ್.

ಝಿಸಿಸ್ ತಲೆಯೆತ್ತಿದ. ತಾನು ಎರಡು ವಾರ ಊಟ ಬಿಟ್ಟಿದ್ದು ಈ ಕಳ್ಳನಿಗಾಗಿಯೇ? ರೇಗಬೇಕೋ ನಗಬೇಕೋ ತಿಳಿಯದೆ, ಹಾಗಾದರೆ ನಿನ್ನೆ ಎಂಜಿನ್ನು ಒಡೆದದ್ದು ಹೇಗೆ ಎಂದು ಕೇಳಿದ.

"ನಿನ್ನೆ ಇದ್ದ ಗಾಳಿನೇ ಬರ್ದಿದ್ದೆ," ಎಂದ ವಾಯೋಸ್. "ನಂದು ಸುಳ್ಳು, ನಿಂದು ನಿಜ ಅಂದ್ಕೊಂಡು ಇಷ್ಟು ದಿನ ನಿನ್ ಮುಖ ನೋಡೋಕೆ ನಾಚ್ಕೆ ಆಗ್ತಿತ್ತು ಭಾವ. ಒಂದ್ಸಲನಾದ್ರೂ ನಿನ್ನ ಥರ ಪ್ರಾಮಾಣಿಕವಾಗಿ ಮಾಡೋಣ ಅಂತ ಹೋದೆ."